ಟಾಪ್ ಲಿಂಕಿನ ಎಣ್ಣೆಗೂ ಕಡಿವಾಣ ಬೇಕು



ಟ್ರ್ಯಾಕ್ಟರಿನ ಹಿಂದೆ ನೇಗಿಲನ್ನು ಹಿಡಿದಿಡುವ ಮೂರು ಕೈಗಳಲ್ಲಿ ಮೇಲಿನದಕ್ಕೆ ಟಾಪ್ ಲಿಂಕ್ ಎನ್ನುತ್ತೇವೆ. ಇದು ನಡುವೆ ತಿರುಪು ಇರುವ ಒಂದು ದಂಡ. ನೇಗಿಲಿನ ಮೂತಿ ಹೆಚ್ಚು ಕೆಳಗಾಗಬೇಕಾದರೆ ಇದನ್ನು ಗಿಡ್ಡ ಮಾಡುತ್ತೇವೆ, ಮೇಲಾಗಬೇಕಾದರೆ ಉದ್ದ ಮಾಡುತ್ತೇವೆ. ಅದಕ್ಕಾಗಿ ಪ್ರತಿ ಸಲ ಸೀಟಿನಿಂದ ಇಳಿಯಬೇಕು, ಮಣ್ಣು ಮೆತ್ತಿದ ತಿರುಪನ್ನು ಕೈಯಿಂದ ತಿರುಗಿಸಬೇಕು. ಈಗ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಕೆಲವರು, ಮುಖ್ಯವಾಗಿ ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುವವರು, ಈ ದಂಡವನ್ನು ತೆಗೆದು ಅದರ ಜಾಗದಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಸಿಲಿಂಡರ್ ಕೂಡಿಸಿಕೊಳ್ಳುತ್ತಿದ್ದಾರೆ. ಕುಳಿತಲ್ಲೇ ಲಿವರ್ ಒತ್ತಿದರೆ ಕೆಲಸವಾಯಿತು.

ಇದನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಆ ಸಿಲಿಂಡರಿಗೆ ಹೋಗಿಬರುವ ಎಣ್ಣೆಯ ವೇಗಕ್ಕೆ ಯಾವ ತಡೆಯನ್ನೂ ಇಡದೆ, ಎರಡು ಹೋಸ್ ಪೈಪು ಸಿಕ್ಕಿಸಿ "ಆಯಿತು, ಹೊಡಿ" ಎಂದು ಕಳಿಸುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಅಂಥ ಸಿಲಿಂಡರನ್ನು ಮಾರಬಾರದು, ಕೊಳ್ಳಲೂಬಾರದು. ಇದು ನಮ್ಮ ಅಭಿಪ್ರಾಯ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ, ಏಕೆಂದರೆ ಅಂಗಡಿಯಲ್ಲಿ ಇವುಗಳನ್ನು ಹೇಳುವವರು ಕಡಿಮೆ.

ಮೊದಲಿಗೆ ಈ ಮೇಲಿನ ಕೈ ಏತಕ್ಕಾಗಿ ಇದೆ ಎಂಬುದನ್ನು ತಿಳಿಯಬೇಕು. 1917ರಿಂದ ಅಮೇರಿಕದಲ್ಲಿ ತಯಾರಾಗತೊಡಗಿದ ಫೋರ್ಡ್ಸನ್ ಟ್ರ್ಯಾಕ್ಟರಿಗೆ ನೇಗಿಲನ್ನು ಗಾಡಿ ಕಟ್ಟಿದಂತೆ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಬಿದ್ದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು, ಅದು ಚಾಲಕನ ಮೇಲೆಯೇ ಹಿಂದಕ್ಕೆ ಮಗುಚಿ ಬೀಳುವುದಿತ್ತು. ಎಷ್ಟೋ ಜನ ಹೀಗೆ ಸತ್ತರು. ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯುಸನ್ ಇದಕ್ಕೆ ಉಪಾಯ ಹುಡುಕಿದ. ಕೆಳಗೆ ಎರಡು ಕೈ, ಮೇಲೊಂದು ಕೈ ಇಟ್ಟು ನೇಗಿಲನ್ನು ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಿದ. ನೇಗಿಲು ಸಿಕ್ಕಿಬಿದ್ದಾಗ ಮೇಲಿನ ಕೈ ಮುಂದಕ್ಕೆ ಒತ್ತಿ ಟ್ರ್ಯಾಕ್ಟರಿನ ಮೂತಿಯನ್ನು ನೆಲಕ್ಕೆ ಹಿಡಿಯುತ್ತದೆ. ಆಳವನ್ನು ತಾನಾಗಿಯೇ ಕಾಯುವ ಅವನ ವ್ಯವಸ್ಥೆಗೆ 1926ರಲ್ಲಿ ಬ್ರಿಟನ್ನಿನ ಪೇಟೆಂಟ್ ಸಿಕ್ಕಿತು. 1939ರಲ್ಲಿ ಫೋರ್ಡ್ ಕಂಪನಿ ಅದನ್ನು ತನ್ನ ಟ್ರ್ಯಾಕ್ಟರಿಗೆ ಅಳವಡಿಸಿತು. 1960ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಟ್ಯಾಫೆ ಕಂಪನಿಯ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರಿನಲ್ಲಿ ಅವನ ಹೆಸರೇ ಉಳಿದಿದೆ.

ಇಂದು ನಮ್ಮಲ್ಲಿ ಓಡುವ ಅನೇಕ ಟ್ರ್ಯಾಕ್ಟರುಗಳು ನೇಗಿಲಿನ ಭಾರವನ್ನು ಅರಿಯುವುದು ಈ ಟಾಪ್ ಲಿಂಕಿನ ಮೂಲಕವೇ. ನೆಲ ಗಟ್ಟಿಯಾದರೆ ಲಿಂಕು ಟ್ರ್ಯಾಕ್ಟರಿನ ಕಡೆ ಒತ್ತುತ್ತದೆ, ಅಲ್ಲಿಯ ಸ್ಪ್ರಿಂಗು ಅದನ್ನು ಒಳಗಿನ ವಾಲ್ವಿಗೆ ತಿಳಿಸುತ್ತದೆ, ನೇಗಿಲು ತುಸು ಮೇಲಕ್ಕೆ ಬರುತ್ತದೆ. ಹಿಂದೆ ಕಬ್ಬಿಣದ ನೇಗಿಲಿನ ಹಿಡಿಯ ಮೇಲೆ ಕೈಯಿಟ್ಟ ಒಕ್ಕಲಿಗ ಏನನ್ನು ಅಂಗೈಯಿಂದ ತಿಳಿಯುತ್ತಿದ್ದನೋ ಅದನ್ನು ಈಗ ಈ ದಂಡ ತಿಳಿಯುತ್ತದೆ. ಅಂಥ ದಂಡವನ್ನು ತೆಗೆದು ಬೇರೆಯದನ್ನು ಕೂಡಿಸುವಾಗ ಎಚ್ಚರ ಬೇಡವೇ?

ಎಣ್ಣೆಯ ಟಾಪ್ ಲಿಂಕು ನಮ್ಮ ಕಡೆ ಯಾಕೆ ಬೇಕೆನಿಸುತ್ತದೆ ಎಂದರೆ ಅದಕ್ಕೆ ನಮ್ಮ ಭೂಮಿಯೇ ಕಾರಣ. ಒಂದೇ ಹೊಲದಲ್ಲಿ ಹಳ್ಳದ ಕಡೆ ಆಳುದ್ದದ ಎರೆ ಮಣ್ಣು, ದಿನ್ನೆಯ ಕಡೆ ಗೇಣುದ್ದ ಮಣ್ಣಿನ ಕೆಳಗೆ ಗರಸು. ಎರೆಯಲ್ಲಿ ಸರಿಯಾಗಿ ಇಳಿದ ನೇಗಿಲು ದಿನ್ನೆಗೆ ಬಂದಾಗ ಗರಸಿಗೆ ಬಡಿಯುತ್ತದೆ. 1972ರ ಬರಗಾಲದ ಕಾಮಗಾರಿಗಳ ಕಾಲದಿಂದ ಉಳಿದು ಬಂದ ಒಡ್ಡುಗಳು ಹೊಲವನ್ನು ತುಂಡು ತುಂಡಾಗಿ ಕಡಿದಿವೆ. ಸಾಲಿನ ಕೊನೆ ಬೇಗ ಬರುತ್ತದೆ, ಬೇಗ ಎತ್ತಬೇಕು, ಬೇಗ ತಿರುಗಬೇಕು. ಬೋರಿ ನದಿಯ ಕುರನೂರ ಜಲಾಶಯದ ನೀರು ಬರುವಲ್ಲಿ ಕಬ್ಬು, ಮಳೆಯನ್ನೇ ನಂಬಿದಲ್ಲಿ ಹಿಂಗಾರಿ ಜೋಳ, ಕಡಲೆ, ತೊಗರಿ. ಹೀಗೆ ಒಂದೇ ಟ್ರ್ಯಾಕ್ಟರು ಒಂದೇ ವಾರದಲ್ಲಿ ಪಲ್ಟಿ ನೇಗಿಲು, ರೋಟಾವೇಟರ್, ಕಲ್ಟಿವೇಟರ್, ಹಿಂದಿನ ಲೆವೆಲಿಂಗ್ ಬ್ಲೇಡು ಎಲ್ಲವನ್ನೂ ಹೊರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿಯ ನೆರೆ ಇಳಿದ ಮೇಲೆ ಹೊಲದಲ್ಲಿ ನಿಂತ ಹೂಳನ್ನು ಸರಿಸಲು ಬ್ಲೇಡು ಹೊಡೆದವರಿಗೆ ಗೊತ್ತಿದೆ, ನಾಲ್ಕು ಮಾರಿಗೊಮ್ಮೆ ಅದರ ಓರೆ ಬದಲಿಸಬೇಕಾಗುತ್ತದೆ. ಅಲ್ಲಿ ತಿರುಪಿನ ದಂಡದ ಕೆಲಸ ನಿಜಕ್ಕೂ ಬೇಸರ ತರುವಂಥದು.

ಇನ್ನು ಲೆಕ್ಕಕ್ಕೆ ಬರೋಣ. ಲೆಕ್ಕ ಎಂದೊಡನೆ ಪುಟ ತಿರುವಬೇಡಿರಿ. ಹತ್ತನೇ ತರಗತಿಯ ಮಗಳೋ ಮಗನೋ ಮನೆಯಲ್ಲಿದ್ದರೆ ಕೂಡಿಸಿಕೊಂಡು ಮಾಡಿ ನೋಡಿರಿ. ಸಿಲಿಂಡರಿನ ಒಳಗಿನ ಅಗಲ 63 ಮಿ.ಮೀ., ಒಳಗೆ ಓಡಾಡುವ ಸರಳಿನ ದಪ್ಪ 35 ಮಿ.ಮೀ., ಓಟ 20 ಸೆಂ.ಮೀ. ಎಂದು ಹಿಡಿಯೋಣ. ಲಿವರಿನಿಂದ ನಿಮಿಷಕ್ಕೆ 20 ಲೀಟರು ಎಣ್ಣೆ ಬರುತ್ತದೆ ಎನ್ನೋಣ. ನಿಮ್ಮ ಟ್ರ್ಯಾಕ್ಟರಿನ ಸರಿಯಾದ ಅಂಕಿ ಅದರ ಪುಸ್ತಕದಲ್ಲಿದೆ. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಕೊಡುವ ವರದಿಯಲ್ಲಿಯೂ ಸಿಗುತ್ತದೆ. ಈ ಲೆಕ್ಕದಂತೆ ಸರಳು ಹೊರಗೆ ಬರುವಾಗ ಒಂದು ಸೆಕೆಂಡಿಗೆ ಸುಮಾರು 10 ಸೆಂ.ಮೀ. ಓಡುತ್ತದೆ. ಒಳಗೆ ಹೋಗುವಾಗ, ಆ ಬದಿಯಲ್ಲಿ ಸರಳು ಜಾಗ ಹಿಡಿದಿರುವುದರಿಂದ, ಸೆಕೆಂಡಿಗೆ 15 ಸೆಂ.ಮೀ. ಅಂದರೆ ಪೂರ್ತಿ ಓಟ ಒಂದೂವರೆ ಎರಡು ಸೆಕೆಂಡಿನಲ್ಲಿ ಮುಗಿಯಿತು.

ಇದರ ಅರ್ಥವೇನು? ಸಾಧಾರಣ ನೇಗಿಲಿನ ಮೇಲಿನ ತೂತಿಗೂ ಕೆಳಗಿನ ಪಿನ್ನುಗಳಿಗೂ ನಡುವಿನ ಎತ್ತರ ಸುಮಾರು 46 ಸೆಂ.ಮೀ. ಟಾಪ್ ಲಿಂಕು ಒಂದು ಸೆಂ.ಮೀ. ಬದಲಾದರೆ ನೇಗಿಲಿನ ಓರೆ ಒಂದು ಡಿಗ್ರಿಗಿಂತ ಹೆಚ್ಚು ಬದಲಾಗುತ್ತದೆ. ನಮಗೆ ಹೊಲದಲ್ಲಿ ಬೇಕಾಗುವುದು ಅಷ್ಟೇ, ಒಂದೋ ಎರಡೋ ಸೆಂ.ಮೀ. ಆದರೆ ಲಿವರನ್ನು ಒಂದು ಸೆಕೆಂಡು ಒತ್ತಿದರೆ ಆಗುವುದು 10 ಸೆಂ.ಮೀ., ಅಂದರೆ 12 ಡಿಗ್ರಿ. ನಡೆಯುವ ನೇಗಿಲಿನ ಮೂತಿ ಹೀಗೆ ಒಮ್ಮೆಲೆ ಕೆಳಗೆ ಕುಕ್ಕಿದರೆ ಅದು ನೆಲದಲ್ಲಿ ಹೂತುಕೊಳ್ಳುತ್ತದೆ. ರೋಟಾವೇಟರಾದರೆ ಪಿ.ಟಿ.ಓ. ದಂಡದ ಕೀಲು ಓರೆಯಾಗಿ ಕಟಕಟ ಎನ್ನುತ್ತದೆ, ಒಂದು ದಿನ ಮುರಿಯುತ್ತದೆ. ಎತ್ತಿ ಹಿಡಿದ ಭಾರದ ಯಂತ್ರವಾದರೆ ಹಿಂಭಾಗ ದಡಕ್ಕನೆ ಕೆಳಗೆ ಬೀಳುತ್ತದೆ. ಪಿನ್ನು ಸಿಕ್ಕಿಸಲು ಟ್ರ್ಯಾಕ್ಟರಿಗೂ ಯಂತ್ರಕ್ಕೂ ನಡುವೆ ಯಾರಾದರೂ ನಿಂತಿದ್ದರೆ? ನಿಲ್ಲುವುದು ಬಹುತೇಕ ಮನೆಯ ಹುಡುಗನೇ. ಒಂದೂವರೆ ಸೆಕೆಂಡಿನಲ್ಲಿ "ಸರಿ" ಎಂದು ಕೂಗಲೂ ಆಗುವುದಿಲ್ಲ.

ನಮ್ಮ ಪ್ರಕಾರ ಪೂರ್ತಿ ಓಟಕ್ಕೆ ಏಳರಿಂದ ಹತ್ತು ಸೆಕೆಂಡು ಹಿಡಿಯಬೇಕು. ಅದಕ್ಕೆ ಬೇಕಾಗುವ ಎಣ್ಣೆ ನಿಮಿಷಕ್ಕೆ ನಾಲ್ಕೈದು ಲೀಟರು ಮಾತ್ರ. ಉಳಿದದ್ದನ್ನು ತಡೆಯಬೇಕು. ಹೇಗೆ ಎಂಬುದಕ್ಕೆ ಅಗ್ಗದ ದಾರಿಯೂ ಇದೆ, ಒಳ್ಳೆಯ ದಾರಿಯೂ ಇದೆ.

ಅಗ್ಗದ್ದೆಂದರೆ ನಿಪ್ಪಲಿನಲ್ಲಿ ಕೂಡಿಸುವ ಸಣ್ಣ ತೂತಿನ ಬಿಲ್ಲೆ. 1 ಮಿ.ಮೀ. ತೂತಿನಿಂದ, ಎರಡೂ ಬದಿಯ ಒತ್ತಡದ ಅಂತರ 150 ಬಾರ್ ಇದ್ದಾಗ, ನಿಮಿಷಕ್ಕೆ ಸುಮಾರು 5 ಲೀಟರು ಹೋಗುತ್ತದೆ. ಅಂದರೆ ನಮಗೆ ಬೇಕಾದಷ್ಟೇ. ಆದರೆ ಇದಕ್ಕೆ ಎರಡು ದೋಷ. ಒತ್ತಡ ಕಡಿಮೆಯಾದರೆ ಓಟ ಬಹಳ ನಿಧಾನವಾಗುತ್ತದೆ. ಒಂದು ಚೂರು ರಬ್ಬರೋ ಲೋಹದ ಪುಡಿಯೋ ಬಂದರೆ ತೂತು ಮುಚ್ಚಿಯೇ ಹೋಗುತ್ತದೆ. ನಮ್ಮ ಧೂಳಿನಲ್ಲಿ ಕಪ್ಲಿಂಗಿನ ಬಾಯಿ ಒರೆಸದೆ ಸಿಕ್ಕಿಸುವ ಅಭ್ಯಾಸವಿರುವವರಿಗೆ ಇದು ಕೂಡಿಬರುವುದಿಲ್ಲ.

ಒಳ್ಳೆಯದೆಂದರೆ ತಿರುವುಗುಂಡಿ ಇರುವ, ಒಂದೇ ಕಡೆಗೆ ತಡೆಯುವ ಫ್ಲೋ ಕಂಟ್ರೋಲ್ ವಾಲ್ವು. ಎಣ್ಣೆಯನ್ನು ಒಂದು ದಿಕ್ಕಿನಲ್ಲಿ ಸಲೀಸಾಗಿ ಬಿಡುತ್ತದೆ, ಇನ್ನೊಂದು ದಿಕ್ಕಿನಲ್ಲಿ ನಾವು ಹೇಳಿದಷ್ಟೇ ಬಿಡುತ್ತದೆ. ಇದನ್ನು ಸಿಲಿಂಡರಿನ ಎರಡೂ ಬಾಯಿಗೆ, ಸಿಲಿಂಡರಿನಿಂದ ಹೊರಬರುವ ಎಣ್ಣೆಯನ್ನು ತಡೆಯುವಂತೆ ಕೂಡಿಸಬೇಕು. ಒಳಹೋಗುವ ಎಣ್ಣೆಯನ್ನು ಮಾತ್ರ ತಡೆದರೆ ಸಾಲದೇ ಎಂದು ಕೇಳಬಹುದು. ಸಾಲದು. ಎತ್ತಿದ ಯಂತ್ರ ತನ್ನ ಭಾರದಿಂದಲೇ ಸರಳನ್ನು ಹೊರಗೆ ಎಳೆಯುತ್ತಿರುತ್ತದೆ. ಹೊರಹೋಗುವ ಬಾಗಿಲು ತೆರೆದಿದ್ದರೆ ಒಳಗೆ ಎಣ್ಣೆ ಬರುವ ಮೊದಲೇ ಸರಳು ಓಡಿಬಿಡುತ್ತದೆ, ಒಳಗೆ ಟೊಳ್ಳಾಗುತ್ತದೆ. ಇಳಿಜಾರಿನಲ್ಲಿ ಗಾಡಿ ಎತ್ತುಗಳನ್ನು ತಳ್ಳಿದ ಹಾಗೆ. ಅಲ್ಲಿ ಬೇಕಾದದ್ದು ಹಿಂದಿನ ಹಿಡಿತ.

ಆದರೆ ಮಿಸ್ತ್ರಿಗೆ ಇದನ್ನೂ ನೆನಪಿಸಿರಿ: ಸರಳಿನ ಬದಿಯ ಎಣ್ಣೆಯನ್ನು ತಡೆದಾಗ ಅಲ್ಲಿ ಒತ್ತಡ ಹೆಚ್ಚುತ್ತದೆ. ಮೇಲಿನ ಅಳತೆಯ ಸಿಲಿಂಡರಿನಲ್ಲಿ ಸುಮಾರು ಒಂದೂವರೆ ಪಟ್ಟಿನವರೆಗೆ. 150 ಬಾರ್ ಇದ್ದದ್ದು 217 ಬಾರ್ ಆಗಬಹುದು, ಮೇಲೆ ಯಂತ್ರದ ಎಳೆತ ಬೇರೆ. ಹಳೆಯ ಟ್ರಾಲಿಯ ಜ್ಯಾಕಿನಿಂದ ಬಿಚ್ಚಿದ ಹೋಸನ್ನು ಇಲ್ಲಿಗೆ ಜೋಡಿಸುವುದು ಉಳಿತಾಯವಲ್ಲ.

ಇನ್ನೊಂದು ಮುಖ್ಯ ಮಾತು, ಇದನ್ನು ನಾವು ಒತ್ತಿ ಹೇಳುತ್ತೇವೆ. ನಮ್ಮ ಕಡೆ ಕಬ್ಬಿನ ಭೂಮಿಗೆ ಪಲ್ಟಿ ನೇಗಿಲು ಬಂದ ಮೇಲೆ ಟ್ರ್ಯಾಕ್ಟರಿಗೆ ಎರಡು ಹೋಸಿನ ಲಿವರ್ ಕೂಡಿಸಿಕೊಂಡವರು ಬಹಳ. ಟಾಪ್ ಲಿಂಕಿನ ಸಿಲಿಂಡರನ್ನೂ ಅದೇ ಲಿವರಿಗೆ ಜೋಡಿಸುತ್ತಾರೆ: ಇವತ್ತು ನೇಗಿಲು, ನಾಳೆ ಬ್ಲೇಡು. ಪಲ್ಟಿ ನೇಗಿಲು ತಿರುಗಬೇಕಾದರೆ ವೇಗ ಬೇಕು. ನಿಧಾನವಾದರೆ ನಡುವೆಯೇ ನಿಂತುಬಿಡುತ್ತದೆ. ಟಾಪ್ ಲಿಂಕಿಗೆ ಬೇಕಾದದ್ದು ನಿಧಾನ. ಹೀಗಿರುವಾಗ ತಡೆಯ ವಾಲ್ವನ್ನು ಲಿವರಿನ ಬುಡದಲ್ಲಿ ಕೂಡಿಸಿದರೆ ಏನಾಗುತ್ತದೆ? ನೇಗಿಲು ತಿರುಗುತ್ತಿಲ್ಲವೆಂದು ಚಾಲಕ ಗುಂಡಿಯನ್ನು ಪೂರ್ತಿ ಬಿಚ್ಚುತ್ತಾನೆ. ಮರುದಿನ ಬ್ಲೇಡು ಕಟ್ಟಿದಾಗ ಅದನ್ನು ಮತ್ತೆ ಬಿಗಿಯುವುದು ಯಾರಿಗೂ ನೆನಪಿರುವುದಿಲ್ಲ. ಆದುದರಿಂದ ತಡೆ ಟಾಪ್ ಲಿಂಕಿನ ಮೈಮೇಲೆಯೇ ಇರಬೇಕು, ಅದರ ಜೊತೆಗೇ ಬಿಚ್ಚಿಕೊಂಡು ಹೋಗಬೇಕು, ಅದರ ಜೊತೆಗೇ ಬರಬೇಕು.

ತಡೆಯ ಜೊತೆಗೆ ಬೀಗವೂ ಬೇಕು. ಲಿವರಿನ ಒಳಗಿನ ವಾಲ್ವು ಎಷ್ಟೇ ಹೊಸದಾದರೂ ತುಸು ಸೋರುತ್ತದೆ, ಹಳೆಯದಾದಂತೆ ಹೆಚ್ಚು. ಬೆಳಿಗ್ಗೆ ಸರಿ ಮಾಡಿದ ಟಾಪ್ ಲಿಂಕು ಮಧ್ಯಾಹ್ನಕ್ಕೆ ಎರಡು ಬೆರಳು ಉದ್ದವಾಗಿರುತ್ತದೆ, ನೇಗಿಲು ಮೇಲೆ ಬಂದಿರುತ್ತದೆ, ಬೈಗುಳ ಮಾತ್ರ ಮಣ್ಣಿಗೆ. ಎರಡೂ ಬದಿಯ ಎಣ್ಣೆಯನ್ನು ಸಿಲಿಂಡರಿನಲ್ಲಿಯೇ ಹಿಡಿದಿಡುವ ಲಾಕ್ ವಾಲ್ವು ಇದಕ್ಕೆ ಪರಿಹಾರ. ಅದು ಸಿಲಿಂಡರಿಗೆ ಉಕ್ಕಿನ ಜೋಡಣೆಯಿಂದಲೇ ಬಿಗಿದಿರಬೇಕು, ನಡುವೆ ರಬ್ಬರ್ ಹೋಸು ಬರಕೂಡದು. ಹೋಸು ಒಡೆದರೆ ಬೀಗವಿದ್ದೂ ಇಲ್ಲದಂತೆ. ತಡೆಯ ವಾಲ್ವು ಈ ಬೀಗಕ್ಕೂ ಸಿಲಿಂಡರಿಗೂ ನಡುವೆ ಇದ್ದರೆ ಉತ್ತಮ. ಬೀಗದ ಹೊರಗಿದ್ದರೆ ಹಿಂದೊತ್ತಡ ಬಿದ್ದು ಬೀಗ ತೆರೆಯುತ್ತ ಮುಚ್ಚುತ್ತ ಗಡಗಡ ನಡುಗುವುದುಂಟು.

ಕೆಲವು ಚಾಲಕರು ಹೇಳುವ ಮಾತೂ ನಮಗೆ ಗೊತ್ತಿದೆ: "ಕೈಯಲ್ಲಿ ಹಿಡಿತವಿದ್ದರೆ ವಾಲ್ವು ಯಾಕೆ? ಲಿವರನ್ನು ಸ್ವಲ್ಪವೇ ಒತ್ತಿದರೆ ಸ್ವಲ್ಪವೇ ಹೋಗುತ್ತದೆ." ಒಳ್ಳೆಯ ಚಾಲಕನ ಕೈಗೆ ನಾವು ಗೌರವ ಕೊಡುತ್ತೇವೆ. ಆದರೆ ಸುಗ್ಗಿಯ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಹೊಡೆದ ಕೈ ಬೆಳಗಿನ ಕೈಯಲ್ಲ. ಟ್ರ್ಯಾಕ್ಟರಿಗೆ ಒಬ್ಬನೇ ಚಾಲಕನೂ ಇರುವುದಿಲ್ಲ. ಅವನು ಊಟಕ್ಕೆ ಕುಳಿತಾಗ ಹತ್ತಿ ನೋಡುವವರು ಮನೆಯಲ್ಲಿ ಇದ್ದಾರೆ. ಇನ್ನು ಕೆಲವರು ಎಂಜಿನ್ ವೇಗ ಇಳಿಸಿದರೆ ಎಣ್ಣೆಯೂ ನಿಧಾನ ಎನ್ನುತ್ತಾರೆ. ನಿಜ. ಆದರೆ ರೋಟಾವೇಟರ್ ತಿರುಗುತ್ತಿರುವಾಗ ಎಂಜಿನ್ ಇಳಿಸುವಂತಿಲ್ಲವಲ್ಲ. ತಡೆ ಹಾಕಿದರೆ ಎಣ್ಣೆ ಕಾಯುತ್ತದೆ ಎಂಬ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ: ಉಳಿದ ಎಣ್ಣೆ ರಿಲೀಫ್ ವಾಲ್ವಿನಿಂದ ಹಿಂದಿರುಗುವಾಗ ಬಿಸಿಯಾಗುತ್ತದೆ. ಐದಾರು ಸೆಕೆಂಡಿಗೆ ಅದರಿಂದ ಏನೂ ಆಗದು. ಲಿಂಕು ಕೊನೆ ಮುಟ್ಟಿದ ಮೇಲೂ ಲಿವರ್ ಒತ್ತಿಯೇ ಇರಬಾರದು, ಅಷ್ಟೇ.

ಎಲ್ಲರಿಗೂ ಇದು ಬೇಕೇ ಎಂದರೆ, ಬೇಡ. ನಾಲ್ಕು ಎಕರೆ ಹೊಲ, ಒಂದು ನೇಗಿಲು, ಒಂದು ಕಲ್ಟಿವೇಟರ್ ಇರುವವರಿಗೆ ತಿರುಪಿನ ದಂಡವೇ ಸಾಕು. ಅದಕ್ಕೆ ಗ್ರೀಸು ಹಚ್ಚಿ ಇಟ್ಟರೆ ಮಕ್ಕಳ ಕಾಲಕ್ಕೂ ಬರುತ್ತದೆ, ಸೋರುವುದಿಲ್ಲ, ಜಾರುವುದಿಲ್ಲ. ದಿನಕ್ಕೆ ಮೂರು ಜನರ ಹೊಲಕ್ಕೆ ಹೋಗುವ ಬಾಡಿಗೆಯವರಿಗೆ, ಬ್ಲೇಡು ಹೊಡೆಯುವವರಿಗೆ ಎಣ್ಣೆಯ ಲಿಂಕು ಯೋಗ್ಯ. ಪಕ್ಕದ ಮನೆಯವರು ಕೂಡಿಸಿದರೆಂದು ನಾವೂ ಕೂಡಿಸುವುದು, ಅದೂ ವಾಲ್ವಿನ ಹಣ ಉಳಿಸಿ ಕೂಡಿಸುವುದು, ಸರಿಯಲ್ಲ. ತಡೆಗೂ ಬೀಗಕ್ಕೂ ಹಣ ಸಾಲದಿದ್ದರೆ ಸಿಲಿಂಡರನ್ನೇ ಮುಂದಿನ ವರ್ಷ ಕೊಳ್ಳಬಹುದು.

ಈಗ ಆರೋಗ್ಯದ ವಿಷಯ. ಹೋಸಿನಲ್ಲಿ ಸೂಜಿಯ ಮೊನೆಯಷ್ಟು ತೂತು ಬಿದ್ದರೆ ಅಲ್ಲಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿರಬಹುದು. ಎಲ್ಲಿ ಸೋರುತ್ತಿದೆ ಎಂದು ಕೈ ಸವರಿ ನೋಡುವುದು ನಮ್ಮಲ್ಲಿ ಸಾಮಾನ್ಯ. ಇದನ್ನು ಇಂದೇ ಬಿಡಬೇಕು. 150 ಬಾರ್ ಒತ್ತಡದ ಎಣ್ಣೆ ಚರ್ಮವನ್ನು ಸೀಳಿ ಒಳಗೆ ಹೋಗಿ ಬೆರಳಿನ ನರ, ಸ್ನಾಯುರಜ್ಜುಗಳ ಗುಂಟ ಹಬ್ಬುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಂಥ ಒಂದು ಚುಕ್ಕೆ. ಮೊದಲು ನೋವೂ ಹೆಚ್ಚಿರುವುದಿಲ್ಲ. ಕೆಲವು ತಾಸುಗಳಲ್ಲಿ ಬೆರಳು ಬಾತು, ಬಣ್ಣಗೆಟ್ಟು, ರಕ್ತದ ಓಟ ನಿಲ್ಲುತ್ತದೆ. ತಡವಾದರೆ ಬೆರಳು, ಕೆಲವೊಮ್ಮೆ ಕೈಯ ಭಾಗವನ್ನೇ ತೆಗೆಯಬೇಕಾಗುತ್ತದೆ.

ಸೋರಿಕೆ ಹುಡುಕಲು ರಟ್ಟಿನ ತುಂಡನ್ನು ಉದ್ದವಾಗಿ ಹಿಡಿದು ಹೋಸಿನ ಗುಂಟ ಸರಿಸಿರಿ. ಎಣ್ಣೆ ರಟ್ಟಿನ ಮೇಲೆ ಬೀಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಹೋಸು ಬಿಚ್ಚುವ ಮೊದಲು ಯಂತ್ರವನ್ನು ಪೂರ್ತಿ ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಲಿವರನ್ನು ಎರಡೂ ಕಡೆಗೆ ಆಡಿಸಬೇಕು. ಆದರೆ ಬೀಗದ ವಾಲ್ವು ಇದ್ದ ಸಿಲಿಂಡರಿನಲ್ಲಿ ಲಿವರ್ ಆಡಿಸಿದರೂ ಒಳಗಿನ ಒತ್ತಡ ಹೋಗುವುದಿಲ್ಲ ಎಂಬುದು ನೆನಪಿರಲಿ. ಯಂತ್ರದ ಭಾರ ಲಿಂಕಿನ ಮೇಲೆ ಇಲ್ಲದಂತೆ, ಪಿನ್ನು ಕೈಯಿಂದಲೇ ಅಲುಗಾಡುವಂತೆ ಆದ ಮೇಲೆಯೇ ಸ್ಪ್ಯಾನರ್ ಹಚ್ಚಬೇಕು.

ಎಣ್ಣೆ ಚುಚ್ಚಿತೆಂಬ ಸಂಶಯ ಬಂದರೂ ಸಾಕು, ಅರಿಸಿನ ಮೆತ್ತಿ ಮನೆಯಲ್ಲಿ ಕೂಡಬೇಡಿರಿ. ಹಿಚುಕಬೇಡಿರಿ, ಬಿಸಿನೀರಿನ ಶಾಖ ಕೊಡಬೇಡಿರಿ. ಉಂಗುರವಿದ್ದರೆ ತೆಗೆದು, ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, 108ಕ್ಕೆ ಕರೆಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿರಿ. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿ.ಮೀ.; ಅಲ್ಲಿಯ ಸರಕಾರಿ ವೈದ್ಯಕೀಯ ಕಾಲೇಜಿನ ಸಿವಿಲ್ ಆಸ್ಪತ್ರೆಯಂಥ, ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗೇ ನೇರ ಹೋಗುವುದು ಲೇಸು. ದಾರಿಯಲ್ಲಿ ಊಟ, ಚಹಾ ಬೇಡ, ಅರಿವಳಿಕೆ ಕೊಡಬೇಕಾಗಬಹುದು. ಚುಕ್ಕೆ ಸಣ್ಣದಾದ ಕಾರಣ ಟಿ.ಟಿ. ಸೂಜಿ ಹಾಕಿ ಮನೆಗೆ ಕಳಿಸುವ ಸಂಭವ ಇದೆ. ಆಗ ಸುಮ್ಮನೆ ಎದ್ದು ಬರಬೇಡಿರಿ. "ಮುಳ್ಳು ಚುಚ್ಚಿಲ್ಲ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ ಒತ್ತಡದಿಂದ ಕೈಯೊಳಗೆ ಹೊಕ್ಕಿದೆ, ಶಸ್ತ್ರವೈದ್ಯರೇ ನೋಡಬೇಕು" ಎಂದು ಹೇಳಿರಿ. ಎಷ್ಟು ಗಂಟೆಗೆ ಆಯಿತು, ಯಾವ ಎಣ್ಣೆ ಎಂಬುದನ್ನೂ ತಿಳಿಸಿರಿ. ಡಬ್ಬಿಯ ಮೇಲಿನ ಚೀಟಿಯ ಫೋಟೋ ಮೊಬೈಲಿನಲ್ಲಿ ಇದ್ದರೆ ತೋರಿಸಿರಿ.